ರವಿವಾರದ ಪ್ಲೇಟು

ಲ್ಯಾಬ್ ಕೆಲಸಕ್ಕೆ ಸೇರಲಿರುವ ಮಕ್ಕಳು ನನ್ನನ್ನು ಕಂಡಾಗ ಕೇಳುವ ಮೊದಲ ಪ್ರಶ್ನೆ, "ಸರ್, ಸ್ಕೋಪ್ ಹೇಗುಂಟು?" ಸ್ಕೋಪಿನ ವಿಷಯ ನನಗೆ ತಿಳಿಯದು. ಹೆದರಿಕೆಯ ವಿಷಯ ಕೇಳಿದರೆ ಹೇಳಬಲ್ಲೆ. ಅದರಲ್ಲಿ ನನ್ನ ಸರ್ವಿಸ್ ಒಂದು ದಿನವೂ ತಪ್ಪಿಲ್ಲ.

ಮುಂಬಯಿ ಪಕ್ಕದ ಬೇಲಾಪುರದ ಒಂದು ಸಂಶೋಧನಾ ಲ್ಯಾಬಿನಲ್ಲಿ ನಾನು ಜೀವಕೋಶ ಸಾಕುವ ಟೆಕ್ನಿಷಿಯನ್ ಆಗಿದ್ದೆ. ಐವತ್ತು ದಾಟಿ ಸ್ವಲ್ಪವೇ ಆದಾಗ ಸ್ವಯಂ ನಿವೃತ್ತಿ ತೆಗೆದುಕೊಂಡೆ. ಊರ ಕಡೆ ಜನ ಎಮ್ಮೆ ಸಾಕುತ್ತಾರೆ, ಕೋಳಿ ಸಾಕುತ್ತಾರೆ. ನಾನು ಸಾಕಿದ್ದು ಬರಿಗಣ್ಣಿಗೆ ಕಾಣದ ಜಾತಿ. ಅಂಗೈಯಗಲದ ಪ್ಲಾಸ್ಟಿಕ್ ಪ್ಲೇಟಿನ ತಳಕ್ಕೆ ಅಂಟಿಕೊಂಡು, ಮೀಡಿಯಾ ಎಂಬ ಗುಲಾಬಿ ಬಣ್ಣದ ಪೋಷಕ ದ್ರವ ಕುಡಿದು, ಬೆಚ್ಚಗೆ ಇನ್‌ಕ್ಯುಬೇಟರಿನಲ್ಲಿ ಕೂತಿರುತ್ತವೆ. ಹಸಿದರೂ ಕೂಗುವುದಿಲ್ಲ, ಸತ್ತರೂ ಕೂಗುವುದಿಲ್ಲ. ಅದೇ ಕಷ್ಟ. "ಅವಕ್ಕೆ ಏನಾದ್ರೂ ಆದ್ರೆ ನಿಮ್ಗೆ ಇಲ್ಲಿ ಡೊಂಬಿವಲಿಯ ಮನೆಯಲ್ಲೇ ಗೊತ್ತಾಗ್ತದೆ. ನನಗೆ ಜ್ವರ ಬಂದ್ರೆ ಥರ್ಮಾಮೀಟರ್ ತಂದು ತೋರಿಸ್ಬೇಕು" ಎಂದು ನನ್ನ ಹೆಂಡತಿ ಶಶಿಕಲಾ ಹೇಳುತ್ತಿದ್ದಳು. ತುಳುವಿನಲ್ಲಿ ಹೇಳುವಾಗ ಅದು ಇನ್ನೂ ಖಾರವಾಗಿರುತ್ತಿತ್ತು.

ಸೇರಿದ ಹೊಸತರಲ್ಲಿ ಒಮ್ಮೆ ಕೆಲಸ ಮುಗಿಸಿ ಠಾಣೆ ಸ್ಟೇಷನ್ನಿಗೆ ಬಂದಿಳಿದವನಿಗೆ ಇನ್‌ಕ್ಯುಬೇಟರಿನ ಬಾಗಿಲು ಮುಚ್ಚಿದೆನೋ ಇಲ್ಲವೋ ಎಂಬ ಸಂಶಯ ಬಂತು. ಡೊಂಬಿವಲಿಯ ಲೋಕಲ್ ರೈಲು ಎದುರಿಗೇ ಇತ್ತು, ಒಂದು ಕಾಲಿಡುವಷ್ಟು ಜಾಗವೂ ಇತ್ತು. ಬಿಟ್ಟೆ. ಮತ್ತೆ ಬೇಲಾಪುರಕ್ಕೆ ಹೋದೆ. ಬಾಗಿಲು ಮುಚ್ಚಿತ್ತು. ಸರಿಯಾಗಿ ಮುಚ್ಚಿದೆಯೋ ಎಂದು ತಿಳಿಯಲು ಒಮ್ಮೆ ತೆರೆದು ನೋಡಿದೆ. ಒಳಗಿದ್ದ ಗ್ಯಾಸೆಲ್ಲ ಹೊರಗೆ ಬಂದು ಅಲಾರಮ್ಮು ಹೊಡೆದುಕೊಂಡಿತು. ಓಡಿಬಂದ ವಾಚ್‌ಮನ್, ಏನಾಯಿತು ಎಂದು ಕೇಳಿದ. ಏನೂ ಆಗಿಲ್ಲ ಎಂದು ನೋಡಲು ಬಂದೆ ಎಂದೆ.

ಆ ಕಾಲದಲ್ಲಿ ನಮ್ಮ ಕೆಲಸದ ಫಲ ನೋಡಬೇಕಾದರೆ ಕತ್ತಲೆ ಕೋಣೆಗೆ ಹೋಗಬೇಕಿತ್ತು. ಕೋಶಗಳನ್ನು ಕರಗಿಸಿ, ಒಳಗಿನ ಪ್ರೋಟೀನುಗಳನ್ನು ಜೆಲ್ಲಿಯೊಳಗೆ ಓಡಿಸಿ, ಒಂದು ಪೊರೆಯ ಮೇಲೆ ಇಳಿಸಿ, ಅದರ ಮೇಲೆ ಎಕ್ಸ್‌ರೇ ಫಿಲ್ಮ್ ಇಟ್ಟು ತೊಳೆಯುತ್ತಿದ್ದೆವು. ಇದಕ್ಕೆ ಬ್ಲಾಟ್ ಎಂದು ಹೆಸರು. ನಾವು ಹುಡುಕುವ ಜೀನು ಕೆಲಸ ಮಾಡುತ್ತಿದ್ದರೆ ಅದರ ಪ್ರೋಟೀನು ಕಪ್ಪು ಗೆರೆಯಾಗಿ ಕಾಣುತ್ತಿತ್ತು. ಜೀನು ಬಾಯಿ ಮುಚ್ಚಿದ್ದರೆ ಗೆರೆ ಇಲ್ಲ. ಆಮೇಲೆ ಕ್ಯಾಮೆರಾದ ಮಷಿನ್ ಬಂತು, ಪರದೆ ಬಂತು, ಫಿಲ್ಮ್ ತೊಳೆಯುವ ರಾಸಾಯನಿಕಕ್ಕೆ ಉಗುರು ಹಳದಿಯಾಗುವುದು ನಿಂತಿತು. ಗೆರೆ ಮೂಡುವವರೆಗಿನ ಎದೆಬಡಿತ ಮಾತ್ರ ಹಾಗೇ ಉಳಿಯಿತು.

ನನಗೆ ಕೋಶ ಬಿತ್ತಲು ಕಲಿಸಿದವರು ಕಲ್ಯಾಣದ ಸಾವಂತ್ ಕಾಕಾ. ಲ್ಯಾಬಿನ ಹಿರಿಯ ಟೆಕ್ನಿಷಿಯನ್. ಅವರ ವಿದ್ಯೆಯೆಲ್ಲ ಪುಸ್ತಕದ್ದು, ಒಂದನ್ನು ಬಿಟ್ಟು. ಆ ಒಂದು ರೈಲ್ವೆ ಟೈಮ್‌ಟೇಬಲಿನದು. ರವಿವಾರ ನಮ್ಮ ಕಡೆ ಮೆಗಾಬ್ಲಾಕ್. ಹಳಿ ರಿಪೇರಿಗೆಂದು ಒಂದಲ್ಲ ಒಂದು ಲೈನು ಹಗಲೆಲ್ಲ ಬಂದ್. ಕಲ್ಯಾಣ, ಡೊಂಬಿವಲಿಯಿಂದ ಬರುವವರು ರವಿವಾರ ಬೇಲಾಪುರ ಮುಟ್ಟುವ ಹೊತ್ತಿಗೆ ಮನೆಗೆ ಹೊರಡುವ ಹೊತ್ತಾಗಿರುತ್ತದೆ. ಹಾಗಾಗಿ ಶುಕ್ರವಾರ ಕೋಶ ಬಿತ್ತಿ, ಶನಿವಾರ ಔಷಧ ಹಾಕಿ, ಸೋಮವಾರ ಬಂದು ತೆಗೆಯುವುದು ನಮ್ಮ ಪದ್ಧತಿ. ನಡುವಿನ ರವಿವಾರ ದೇವರ ಮೇಲೆ ಭಾರ.

"ಔಷಧ ಹಾಕಿದ ಪ್ಲೇಟಿನಲ್ಲಿ ಒಂದಷ್ಟು ಸಾಯ್ತಾವೆ, ಬಂಗೇರ. ರವಿವಾರ ಯಾರೂ ನೋಡೋದಿಲ್ಲ. ಅದಕ್ಕೆ ಆ ಪ್ಲೇಟಿಗೆ ಸ್ವಲ್ಪ ಜಾಸ್ತಿ ಬಿತ್ತು. ಸೋಮವಾರ ಕೈಗೆ ಏನಾದ್ರೂ ಸಿಗಬೇಕಲ್ಲ" ಎಂದು ಸಾವಂತ್ ಕಾಕಾ ಹೇಳಿಕೊಟ್ಟರು. ಆಗಿನ ಔಷಧಗಳು ನಿಜಕ್ಕೂ ಕೊಲ್ಲುವಂಥವು. ಹಾಗಾಗಿ ಅದು ಸರಿಯೇ ಇತ್ತು. ಲ್ಯಾಬಿನಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು, ಯಾರೂ ಅದನ್ನು ಒಂದು ವಿಷಯ ಎಂದು ಎಣಿಸಿರಲಿಲ್ಲ. ಕೊನೆಗೆ ಎಲ್ಲ ಪ್ಲೇಟಿನ ಪ್ರೋಟೀನನ್ನೂ ಸಮಸಮ ಅಳೆದೇ ಜೆಲ್ಲಿಗೆ ಹಾಕುತ್ತೇವಲ್ಲ, ಮತ್ತೇನು ಚಿಂತೆ?

ಚಿಂತೆಯೇ ಕಸುಬಾಗಿದ್ದ ನನಗೂ ಇದೊಂದರ ಬಗ್ಗೆ ಚಿಂತೆ ಹತ್ತಲಿಲ್ಲ.

ಸಾವಂತ್ ಕಾಕಾ ನಿವೃತ್ತರಾಗಿ ಬಹಳ ವರ್ಷಗಳ ಮೇಲೆ ಮಾನಸಾ ಬಂದಳು. ಮೈಸೂರಿನ ಹುಡುಗಿ, ಪಿಎಚ್‌ಡಿಗೆ. ಠಾಣೆ ಪೂರ್ವದ ಕೋಪರಿಯಲ್ಲಿ ಪಿಜಿಯಲ್ಲಿದ್ದಳು. ಠಾಣೆಯಿಂದ ಬೇಲಾಪುರದ ಗಾಡಿ ನಮ್ಮಿಬ್ಬರದೂ ಒಂದೇ. ಲ್ಯಾಬಿನಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ, ಅದೂ ಎರಡು ಬೇರೆ ಕನ್ನಡ. ನಾನು "ಉಂಟು" ಎಂದರೆ ಅವಳಿಗೆ ನಗು. ಅವಳು "ಕಣ್ರೀ" ಎಂದರೆ ನನಗೆ ಬೈಸಿಕೊಂಡ ಹಾಗೆ.

ನಮ್ಮ ಮುಖ್ಯಸ್ಥರು ಪ್ರಧಾನ್ ಸರ್. ಮರಾಠಿ ಬೆರೆತ ಹಿಂದಿಯಲ್ಲಿ ಮಾತಾಡುತ್ತಿದ್ದರು, ನಾನಿಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಒಂದು ಗಿಡದಿಂದ ತೆಗೆದ ಮೊಲಿಕ್ಯೂಲನ್ನು ಅವರು ಮಾನಸಾಳ ಕೈಗೆ ಕೊಟ್ಟಿದ್ದರು. ಕೋಶಗಳು ಎರಡಾಗುವ ಮೊದಲು ಡಿಎನ್‌ಎ ನಕಲು ಮಾಡಿಕೊಳ್ಳಬೇಕು, ಅದಕ್ಕೆ ಬೇಕಾದ ಒಂದು ಜೀನನ್ನು ಈ ಮೊಲಿಕ್ಯೂಲು ಬಂದ್ ಮಾಡುತ್ತದೆಯೇ ಎಂಬುದು ಪ್ರಶ್ನೆ. ಮಾಡುತ್ತಿತ್ತು! ಔಷಧ ಇಲ್ಲದ ಪ್ಲೇಟಿನಲ್ಲಿ ಕಪ್ಪು ಗೆರೆ, ಔಷಧ ಹಾಕಿದ್ದರಲ್ಲಿ ಗೆರೆ ಮಾಯ. ಮತ್ತೆ ಮಾಡಿದರೂ ಅದೇ, ಮತ್ತೊಮ್ಮೆ ಮಾಡಿದರೂ ಅದೇ. ಪ್ರಧಾನ್ ಸರ್ ನಡೆಯುವ ರೀತಿಯೇ ಬದಲಾಯಿತು. ಹಣ ಕೊಡುವ ಸಮಿತಿಯವರು ಬರುವವರಿದ್ದರು. ಮಾನಸಾಳ ಫೆಲೋಶಿಪ್ ಆ ತಿಂಗಳಿಗೆ ಮುಗಿಯುತ್ತಿತ್ತು. ಸಮಿತಿ ಮುಂದುವರಿಸಿದರೆ ಉಂಟು, ಇಲ್ಲವಾದರೆ ಅರ್ಧ ಪಿಎಚ್‌ಡಿ ಹೊತ್ತುಕೊಂಡು ಮೈಸೂರಿಗೆ ವಾಪಸ್.

"ಇನ್ನೊಂದು ಸಲ ಮಾಡಿ ಬಿಡೋಣ, ಚಂದದ ಫೋಟೋ ಬರ್ಲಿ" ಎಂದಳು. ಗಣಪತಿ ರಜೆ ಹತ್ತಿರ ಬಂದಿತ್ತು, ಹಾಗಾಗಿ ವಾರಾಂತ್ಯಕ್ಕೆ ಕಾಯದೆ ವಾರದ ನಡುವೆಯೇ ಮಾಡಿದೆವು.

ಮಷಿನಿನ ಪರದೆಯ ಮೇಲೆ ಎರಡೂ ಕಡೆ ಗೆರೆ ಬಂತು. ಸಮಸಮ, ಕಡುಕಪ್ಪು. ಔಷಧ ಏನೂ ಮಾಡಿರಲಿಲ್ಲ.

ಮಾನಸಾ ಫೋಟೋ ಮತ್ತೆ ತೆಗೆದಳು. ಅದೇ ಬಂತು. ಔಷಧ ಹಳಸಿತೇ? ಫ್ರಿಜ್ಜಿನ ಕರೆಂಟು ಹೋಗಿತ್ತೇ? ಬಾಟಲಿ ಅದಲುಬದಲಾಯಿತೇ? ಮರುದಿನ ಹೊಸ ಔಷಧ, ಹೊಸ ಮೀಡಿಯಾ, ಎಲ್ಲ ಹೊಸತು ಹಾಕಿ ಮತ್ತೆ ಶುರು ಮಾಡಿದೆವು. ಆ ಸಲವೂ ಎರಡು ಕಪ್ಪು ಗೆರೆ. ಶಶಿಕಲಾ ಕಟ್ಟಿಕೊಟ್ಟ ಡಬ್ಬಿ ತೆರೆಯದೆ ಮನೆಗೆ ಹೋದೆ. "ಯಾರು ತೀರಿಕೊಂಡ್ರು?" ಎಂದು ಕೇಳಿದಳು.

ಮಾನಸಾ ನನ್ನನ್ನು ಹುಡ್ಡಿನ ಮುಂದೆ ಕೂರಿಸಿದಳು. ಗಾಳಿ ಸೋಸಿ ಬಿಡುವ ಗಾಜಿನ ಗೂಡು ಅದು, ನಾವು ಕೋಶ ಬಿತ್ತುವ ಜಾಗ.

"ಬಂಗೇರ ಅವ್ರೇ, ಮೊದಲಿಂದ ಮಾಡಿ ತೋರ್ಸಿ. ನಾನು ಏನೂ ಗೊತ್ತಿಲ್ದೋಳು ಅಂದ್ಕೊಳ್ಳಿ. ಬಾಯಲ್ಲೂ ಹೇಳ್ತಾ ಹೋಗಿ."

"ಇದು ಕಂಟ್ರೋಲ್ ಪ್ಲೇಟು, ಔಷಧ ಇಲ್ಲದ್ದು, ಇದಕ್ಕೆ ಇಷ್ಟು. ಇದು ಔಷಧದ್ದು, ಇದಕ್ಕೂ ಇಷ್ಟೇ. ರವಿವಾರ ನಡುವೆ ಬಂದ್ರೆ ಸ್ವಲ್ಪ ಜಾಸ್ತಿ ಹಾಕ್ಬೇಕು."

"ನಿಲ್ಸಿ. ರವಿವಾರ ಬಂದ್ರೆ ಏನು?"

ಹೇಳಿದೆ. ಮೆಗಾಬ್ಲಾಕ್, ಸಾವಂತ್ ಕಾಕಾ, ಸಾಯುವ ಕೋಶ, ಎಲ್ಲ. ಅವಳು ಸ್ಟೂಲಿನ ಮೇಲೆ ಕೂತಳು.

"ನಮ್ಮ ಮೊಲಿಕ್ಯೂಲು ಕೋಶ ಕೊಲ್ಲುತ್ತಾ?"

"ಇಲ್ಲ. ಸೋಮವಾರ ಪ್ಲೇಟು ತುಂಬಿ ತುಳುಕ್ತಾ ಇರ್ತದೆ. ಒಳ್ಳೇದಾಯ್ತು, ಬೇಕಾದಷ್ಟು ಸಿಕ್ತು ಅಂತ ತೆಗೀತೇವಲ್ಲ."

"ಅಯ್ಯೋ ದೇವ್ರೇ. ಒತ್ತಾಗಿದೆ ಕಣ್ರೀ. ಒತ್ತಾಗಿ ನಿಂತುಬಿಟ್ಟಿದಾವೆ!"

ಇಲ್ಲಿ ಸ್ವಲ್ಪ ಪಾಠ ಹೇಳಬೇಕು, ಏಕೆಂದರೆ ಅಷ್ಟು ವರ್ಷ ಕೋಶ ಸಾಕಿದ ನನಗೂ ಇದು ಸರಿಯಾಗಿ ತಿಳಿದದ್ದು ಆ ಸ್ಟೂಲಿನ ಪಕ್ಕದಲ್ಲಿ. ಕೋಶ ಯಾವಾಗ ಎರಡಾಗಬೇಕು ಎಂದು ನೋಡಿಕೊಳ್ಳುವ ಪ್ರೋಟೀನುಗಳು ಒಂದು ಇಲಾಖೆ, ಜೀನುಗಳನ್ನು ತೆರೆಯುವ ಮುಚ್ಚುವ ಪ್ರೋಟೀನುಗಳು ಇನ್ನೊಂದು ಇಲಾಖೆ ಎಂದು ನಾನು ತಿಳಿದುಕೊಂಡಿದ್ದೆ. ಹಾಗಿಲ್ಲ. ಡಿಎನ್‌ಎ ನಕಲಿಗೆ ಬೇಕಾದ ಜೀನುಗಳ ಸ್ವಿಚ್ಚು ಹಾಕುವವ ಇ-ಟು-ಎಫ್ ಎಂಬ ಪ್ರೋಟೀನು. ಅವನ ರಟ್ಟೆ ಹಿಡಿದು ಕೂರಿಸುವವ ಆರ್‌ಬಿ ಎಂಬ ಇನ್ನೊಂದು ಪ್ರೋಟೀನು. ಬೆಳೆಯಬಹುದು ಎಂದು ಹೊರಗಿನಿಂದ ಸೂಚನೆ ಬಂದಾಗ ಕೋಶದಲ್ಲಿ ಸೈಕ್ಲಿನ್ ಡಿ ಎಂಬ ಪ್ರೋಟೀನು ಹೆಚ್ಚುತ್ತದೆ. ಅದು ತನ್ನ ಜೊತೆಗಾರ ಕಿಣ್ವದ ಜತೆ ಸೇರಿ ಆರ್‌ಬಿಯ ಮೈಗೆ ಫಾಸ್ಫೇಟ್ ಅಂಟಿಸುತ್ತದೆ. ಆರ್‌ಬಿಯ ಹಿಡಿತ ಸಡಿಲ, ಇ-ಟು-ಎಫ್ ಎದ್ದು ಹೋಗಿ ಸ್ವಿಚ್ಚು ಹಾಕಿದ. ಅದೇ ಕೋಶಗಳು ಅಕ್ಕಪಕ್ಕ ಒತ್ತಿಕೊಂಡಾಗ ಸೈಕ್ಲಿನ್ ಇಳಿಯುತ್ತದೆ, ತಡೆಯುವ ಪ್ರೋಟೀನುಗಳು ಏರುತ್ತವೆ, ಆರ್‌ಬಿ ಮತ್ತೆ ರಟ್ಟೆ ಹಿಡಿಯುತ್ತಾನೆ. ಜೀನು ಬಂದ್. ಪೂರ್ತಿ ಕೆಟ್ಟ ಕ್ಯಾನ್ಸರ್ ಕೋಶಗಳಿಗೆ ಈ ಮರ್ಯಾದೆ ಇರುವುದಿಲ್ಲ, ಒಂದರ ಮೇಲೊಂದು ಹತ್ತುತ್ತವೆ. ನಾವು ಸಾಕುತ್ತಿದ್ದವು ಇನ್ನೂ ಅಷ್ಟು ಕೆಡದ ಜಾತಿ. ಜಾಗ ಮುಗಿದರೆ ನಿಲ್ಲುವಂಥವು. ಲ್ಯಾಬಿನಲ್ಲಿ ಅದು ಎಲ್ಲರಿಗೂ ಗೊತ್ತಿತ್ತು, ಯಾರಿಗೂ ನೆನಪಿರಲಿಲ್ಲ.

ಅಂದರೆ ಗೆರೆ ಮಾಯವಾದದ್ದು ಔಷಧದಿಂದಲ್ಲದೆ ನೂಕುನುಗ್ಗಲಿನಿಂದ ಇರಬಹುದು. ಇರಬಹುದು ಎನ್ನುವುದೇ ಭಯಂಕರ.

ಮಾನಸಾ ಪ್ರಧಾನ್ ಸರ್ ಹತ್ತಿರ ಹೋಗಿ ಹೇಳಿದಳು. ನಾನು ಬಾಗಿಲ ಹತ್ತಿರ ನಿಂತಿದ್ದೆ, ಒಳಗೂ ಅಲ್ಲ ಹೊರಗೂ ಅಲ್ಲ.

"ಇದು ನಿನ್ನ ಊಹೆ. ಪ್ರತಿ ವಾರಾಂತ್ಯದಲ್ಲೂ ಸರಿ ಬಂದಿದೆ. ಈಗ ವಾರದ ನಡುವೆ ಅವಸರ ಮಾಡಿ ಕೆಡಿಸಿದ್ದೀರಿ. ಸಮಿತಿ ಹೋದ ಮೇಲೆ ನಿನ್ನ ಊಹೆ ಪರೀಕ್ಷೆ ಮಾಡು" ಎಂದರು ಅವರು.

"ಸರ್, ಅವರಿಗೆ ಯಾವುದನ್ನ ತೋರ್ಸೋದು?"

"ಸರಿ ಬಂದದ್ದನ್ನ." ಆಮೇಲೆ ದನಿ ತಗ್ಗಿಸಿ, "ಮಾನಸಾ, ಫೆಲೋಶಿಪ್ ನಿನ್ನದು. ನನ್ನದಲ್ಲ" ಎಂದರು.

ಅವರು ಕೆಟ್ಟವರಲ್ಲ. ಲ್ಯಾಬಿನ ಒಬ್ಬ ಟೆಕ್ನಿಷಿಯನ್‌ನ ಮಗಳ ಅಡ್ಮಿಷನ್ನಿಗೆ ತಾವೇ ಫೋನ್ ಮಾಡಿದವರು. ಒಂದು ಮೊಲಿಕ್ಯೂಲನ್ನು ಬಹಳ ವರ್ಷ ಪ್ರೀತಿಸಿದ ಮನುಷ್ಯ, ಅಷ್ಟೆ. ಶುಕ್ರವಾರ ಬೆಳಿಗ್ಗೆ ಅವರು ನನ್ನ ಬೆಂಚಿನ ಹತ್ತಿರ ಬಂದರು.

"ಬಂಗೇರ, ಇವತ್ತು ಯಾವಾಗಿನ ಹಾಗೆ ಬಿತ್ತು. ಸೋಮವಾರ ತೆಗಿ. ಏನೂ ಬದಲಾಯಿಸಬೇಡ."

"ಯಾವಾಗಿನ ಹಾಗೆ ಅಂದ್ರೆ ಸರ್, ಔಷಧದ್ದಕ್ಕೆ ಜಾಸ್ತಿ...?"

ಅವರು ಕಿಟಕಿಯ ಕಡೆ ನೋಡುತ್ತಾ, "ಯಾವಾಗಿನ ಹಾಗೆ" ಎಂದಷ್ಟೇ ಹೇಳಿ ಹೋದರು.

ಕೋಶಗಳ ಟ್ಯೂಬು ನನ್ನ ಕೈಯಲ್ಲಿತ್ತು. ಯಾವಾಗಿನ ಹಾಗೆ ಬಿತ್ತಿದರೆ ಸೋಮವಾರ ಗೆರೆ ಖಂಡಿತ ಮಾಯ, ಹುಡುಗಿಯ ಫೆಲೋಶಿಪ್ ಖಂಡಿತ. ಯಾರೂ ಸುಳ್ಳು ಹೇಳಬೇಕಾಗಿಲ್ಲ. ಕೈ ತನ್ನ ಅಭ್ಯಾಸದಂತೆ ಹೋದರೆ ಸಾಕು. ನನ್ನ ಕೈಯ ಮೇಲೆ ನನಗೆ ಅಷ್ಟು ಸಿಟ್ಟು ಎಂದೂ ಬಂದಿರಲಿಲ್ಲ. ಮಾನಸಾಳನ್ನು ಕರೆದೆ. ಸರ್ ಹೇಳಿದ್ದನ್ನು ಹೇಳಿದೆ.

"ಎಂತ ಮಾಡುವ ಮಾರಾಯ್ತಿ? ನೀನು ಹೇಳಿದ ಹಾಗೆ. ಸರಿಯಾಗಿ ಯೋಚನೆ ಮಾಡಿ ಹೇಳು, ಆಮೇಲೆ ಬಂಗೇರ ಕೆಡಿಸಿದ್ರು ಅನ್ಬಾರ್ದು."

ಅವಳು ನನ್ನ ಕೈಯಿಂದ ಟ್ಯೂಬು ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದಳು.

"ಯಾವಾಗಿನ ಹಾಗೂ ಹಾಕಿ. ಜತೆಗೆ ತೆಳುವಾಗಿ ಬಿತ್ತಿದ ಪ್ಲೇಟಿಗೆ ಔಷಧ. ಮತ್ತೆ ಒತ್ತಾದ ಪ್ಲೇಟು, ಔಷಧ ಇಲ್ದೆ. ಆ ಕೊನೇದು ನಮ್ಮ ಲ್ಯಾಬಲ್ಲಿ ಯಾರೂ ಹಾಕೇ ಇಲ್ಲ ಅಲ್ವಾ?"

ಹಾಕಿರಲಿಲ್ಲ. ಔಷಧವೇ ಇಲ್ಲದ ಪ್ಲೇಟಿಗೆ ಯಾರಾದರೂ ಯಾಕೆ ಜಾಸ್ತಿ ಬಿತ್ತುತ್ತಾರೆ?

ರವಿವಾರ ನಡುವೆ ಪ್ಲೇಟುಗಳನ್ನು ನೋಡಲೇಬೇಕು ಎಂದಳು. ಆ ದಿನ ಠಾಣೆ–ವಾಶಿ ಲೈನಿಗೇ ಬ್ಲಾಕ್ ಬಿದ್ದಿತ್ತು. ಠಾಣೆಯಲ್ಲಿ ಬಸ್ಸಿನ ಕ್ಯೂ ಎಂಬುದು ಕ್ಯೂ ಆಗಿರಲಿಲ್ಲ. ಐರೋಳಿ ದಾಟುವಷ್ಟರಲ್ಲಿ ಬಸ್ಸಿನೊಳಗೆ ಕೈ ಎತ್ತಿದವರು ಇಳಿಸಲಾಗದೆ, ಇಳಿಸಿದವರು ಎತ್ತಲಾಗದೆ ನಿಂತಿದ್ದರು. ಗ್ಯಾಸ್ ಸಿಲಿಂಡರ್ ಮುಗಿದಿದ್ದರೆ? ಕರೆಂಟು ಹೋಗಿದ್ದರೆ? ದಾರಿಯುದ್ದಕ್ಕೂ ನಾನು ಒಂದೊಂದೇ ಹೇಳುತ್ತಿದ್ದೆ. "ಬಂಗೇರ ಅವ್ರೇ, ದಯವಿಟ್ಟು ಸುಮ್ನಿರಿ. ನನಗೆ ನನ್ನ ಭಯವೇ ಸಾಕಾಗಿದೆ" ಎಂದಳು.

ಲ್ಯಾಬಿನಲ್ಲಿ ದೀಪ ಉರಿಯುತ್ತಿತ್ತು. ಪ್ರಧಾನ್ ಸರ್ ಇನ್‌ಕ್ಯುಬೇಟರಿನ ಮುಂದೆ ನಿಂತಿದ್ದರು. ಸಮಿತಿಗೆ ತೋರಿಸುವ ಸ್ಲೈಡಿಗೆ ಫೋಟೋ ತೆಗೆಯಲು ಬಂದವರು, ಪ್ಲೇಟುಗಳ ಮುಚ್ಚಳದ ಮೇಲೆ ನನ್ನ ಅಕ್ಷರ ಓದಿದ್ದರು.

"ಬಂಗೇರ, ಏನೂ ಬದಲಾಯಿಸಬೇಡ ಅಂದಿದ್ದೆ."

"ಬದಲಾಯಿಸಿಲ್ಲ ಸರ್. ಹೇಳಿದ್ದೂ ಉಂಟು. ಜತೆಗೆ ಬೇರೆಯೂ ಉಂಟು." ನನ್ನ ದನಿ ಯಾರೋ ಕದ್ದ ಹಾಗೆ ಸಣ್ಣದಾಗಿತ್ತು.

"ನಾನು ಹೇಳಿದೆ ಹಾಕಕ್ಕೆ" ಎಂದಳು ಮಾನಸಾ. "ಅವರನ್ನ ಬೈಬೇಡಿ ಸರ್."

"ಬೈಯುವುದಿಲ್ಲ. ನಾಡಿದ್ದು ಔಷಧ ಇಲ್ಲದ ಒತ್ತು ಪ್ಲೇಟಿನಲ್ಲೂ ಗೆರೆ ಬರದಿದ್ದರೆ ನಿನ್ನ ಬಳಿ ಏನುಳಿಯುತ್ತದೆ, ಯೋಚಿಸಿದ್ದೀಯಾ?"

ಅವಳು ಆ ಔಷಧವಿಲ್ಲದ ಒತ್ತು ಪ್ಲೇಟನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಪಕ್ಕಕ್ಕೆ ಸರಿದಳು. ಸರ್ ಕನ್ನಡಕ ಹಣೆಗೇರಿಸಿ ಬಗ್ಗಿದರು. ಕೋಶಗಳು ಗೋಡೆಗೆ ಹಚ್ಚಿದ ಟೈಲ್ಸಿನ ಹಾಗೆ ಕೂತಿದ್ದವು, ಎರಡಾಗಲು ಉಂಡೆಯಾದದ್ದು ಒಂದೂ ಇರಲಿಲ್ಲ. ಸರ್ ಪ್ಲೇಟನ್ನು ಆಚೆ ಸರಿಸಿದರು, ಈಚೆ ಸರಿಸಿದರು. ಆಮೇಲೆ ತಲೆ ಎತ್ತಿ, ಫೋಟೋ ತೆಗೆಯದೆಯೇ ಕ್ಯಾಬಿನ್ನಿಗೆ ಹೋಗಿ ಬಾಗಿಲು ಹಾಕಿಕೊಂಡರು.

ಸೋಮವಾರ ಪ್ಲೇಟುಗಳನ್ನು ತೆಗೆದು ಬ್ಲಾಟ್ ಓಡಿಸಿದೆವು, ಮಾರನೇ ದಿನ ಪರದೆಯ ಮುಂದೆ ಮೂವರೂ ನಿಂತೆವು. ತೆಳು ಪ್ಲೇಟು, ಔಷಧ ಇಲ್ಲ: ಕಪ್ಪು ಗೆರೆ. ತೆಳು ಪ್ಲೇಟು, ಔಷಧ ಉಂಟು: ಕಪ್ಪು ಗೆರೆ. ಒತ್ತು ಪ್ಲೇಟು, ಔಷಧ ಉಂಟು: ಖಾಲಿ. ಒತ್ತು ಪ್ಲೇಟು, ಔಷಧ ಇಲ್ಲ. ಆ ಜಾಗ ಮೂಡುವವರೆಗೆ ಮಾನಸಾ ನನ್ನ ತೋಳು ಹಿಡಿದಿದ್ದಳು.

ಖಾಲಿ.

ಔಷಧದ ಆಯುಷ್ಯ ಅಲ್ಲಿಗೆ ಮುಗಿಯಿತು. ಪ್ರಧಾನ್ ಸರ್ ಒಂದು ಕುರ್ಚಿ ಎಳೆದು ಕೂತರು. "ಇಷ್ಟು ವರ್ಷ" ಎಂದರು.

ಸಮಿತಿ ಬಂದ ದಿನ ನಾನು ಮೀಟಿಂಗ್ ಹಾಲಿನ ಹೊರಗೆ, ಚಹಾದ ಕೆಟಲ್ ಪಕ್ಕ ನಿಂತಿದ್ದೆ. ಸರ್ ಯಾವ ಫೋಟೋ ತೋರಿಸುತ್ತಾರೆಂದು ನಮ್ಮಿಬ್ಬರಿಗೂ ಹೇಳಿರಲಿಲ್ಲ. ಮಾನಸಾ ಒಳಗಿದ್ದಳು. ಬಾಗಿಲು ದಪ್ಪ, ಏನೂ ಕೇಳುವುದಿಲ್ಲ. ಒಮ್ಮೆ ಯಾರೋ ಜೋರಾಗಿ ಮಾತಾಡಿದ ಹಾಗಾಯಿತು. ಆಮೇಲೆ ನಗು. ನಗು ಕೇಳಿ ನನಗೆ ಇನ್ನೂ ಹೆದರಿಕೆಯಾಯಿತು.

ಮಾನಸಾ ಹೊರಬಂದಾಗ ಮುಖ ಕೆಂಪಾಗಿತ್ತು. ಒಂದು ಕಪ್ ಚಹಾ ಬಗ್ಗಿಸಿ ಕೊಟ್ಟೆ, ಹಿಡಿದುಕೊಂಡಳು, ಕುಡಿಯಲಿಲ್ಲ.

"ಸರ್ ನಾಲ್ಕೂ ತೋರ್ಸಿದ್ರು" ಎಂದಳು. "ಮೊದಲನೇ ಸ್ಲೈಡೇ ಅದು. ಇದು ಯಾರಿಗೆ ಹೊಳೀತು ಅಂತ ಕೇಳಿದ್ರು. ಸರ್ ರವಿವಾರದ ಕತೆ ಹೇಳಿದ್ರು. ಸಮಿತಿಯಲ್ಲಿ ಒಬ್ರು ಕಲ್ಯಾಣದೋರಂತೆ, ಅವ್ರೇ ಜಾಸ್ತಿ ನಕ್ಕಿದ್ದು."

"ಅದಿರಲಿ. ದುಡ್ಡು?"

"ಮೊಲಿಕ್ಯೂಲಿಗೆ ನಿಲ್ಸಿದ್ರು. ಪೂರ್ತಿ."

"ನೀನು?"

ಅಷ್ಟರಲ್ಲಿ ಪ್ರಧಾನ್ ಸರ್ ಲ್ಯಾಪ್‌ಟಾಪ್ ಬಗಲಲ್ಲಿಟ್ಟು ಹೊರಬಂದರು. ಒಂದೇ ವಾರದಲ್ಲಿ ವಯಸ್ಸಾದವರ ಹಾಗೆ ಕಂಡರು. ನಮ್ಮನ್ನು ದಾಟಿ ಹೋಗಿ, ನಿಂತು, ತಿರುಗಿದರು.

"ಬಂಗೇರ, ಔಷಧ ಹಾಕದ ಆ ಒತ್ತು ಪ್ಲೇಟು ಒಂದಾದರೂ ಉಳಿದಿದೆಯಾ?"

"ನೋಡಲಿಕ್ಕೆ ಅಂತ ಒಂದು ಇಟ್ಟಿದ್ದೆ ಸರ್. ಮೀಡಿಯಾ ಬದಲಾಯಿಸ್ತಾ ಇದ್ದೇನೆ." ಬಿಸಾಡಿದರೆ ಏನಾಗುತ್ತದೋ ಎಂಬ ಹೆದರಿಕೆಯಿಂದ ಇಟ್ಟದ್ದು ಎಂದು ಹೇಳಲಿಲ್ಲ.

"ಅದರ ಕೋಶಗಳನ್ನು ತಳದಿಂದ ಎಬ್ಬಿಸಿ ಹೊಸ ಪ್ಲೇಟಿಗೆ ತೆಳುವಾಗಿ ಬಿತ್ತು. ಆರ್‌ಬಿ ಕೈ ಬಿಡುತ್ತಾನೋ ನೋಡೋಣ. ಇವಳ ಮುಂದಿನ ವರ್ಷದ ಕೆಲಸ ಅದೇ. ಸಮಿತಿ ಒಪ್ಪಿದೆ." ನಂತರ ಮಾನಸಾಳಿಗೆ, "ಆ ಚಹಾ ತಣ್ಣಗಾಗುತ್ತಿದೆ, ಕುಡಿ" ಎಂದು ಹೇಳಿ ಹೋದರು.

ಬಿತ್ತಿದೆವು. ಮರುದಿನ ಗಾಡಿ ಇಳಿದು ಇಬ್ಬರೂ ಓಡಿಯೇ ಬಂದೆವು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟವಳು ತಲೆ ಎತ್ತಲೇ ಇಲ್ಲ.

"ಎಂತ ಆಯ್ತು? ಸತ್ತಿವೆಯಾ?"

"ಒಂದು ಉಂಡೆ ಆಗಿದೆ" ಎಂದಳು. "ಇಲ್ಲೊಂದು ಎರಡಾಗ್ತಾ ಇದೆ. ಔಷಧ ಇಲ್ಲ, ಏನಿಲ್ಲ ಕಣ್ರೀ. ಜಾಗ ಕೊಟ್ವಿ, ಅಷ್ಟೆ."

ಅವಳು ಎದ್ದು ಸ್ಟೂಲು ಬಿಟ್ಟುಕೊಟ್ಟಳು. ನಾನು ಕೂತು, ಕನ್ನಡಕ ಒರೆಸಿಕೊಂಡು, ನೋಡಿದೆ.